ಕಾರ್ಡಿಗೆ ತಂಪು ಹುಡುಕಿದ ಬೇಸಿಗೆ

ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿ ಕಳಿಸಿದ್ದ ಆ ಡಬ್ಬಿಯನ್ನು ನಮ್ಮ ಯಜಮಾನರು ಎರಡೂ ಕೈಯಲ್ಲಿ ಎದೆಗವಚಿಕೊಂಡು ತಂದರು. ಅತ್ತೆ ಮುಂದಿನ ಕೋಣೆಯಲ್ಲಿ ಕಾಲು ಚಾಚಿ ಕೂತು ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದರು. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಡಬ್ಬಿಯನ್ನು ಮೇಲಿಂದ ಕೆಳಗೆ ನೋಡಿದರು.

"ಮಿಕ್ಸಿ ತಂದ್ಯೇನೋ? ಇದ್ದದ್ದ ಚಲೋ ಐತೆಲ್ಲಾ."

"ಮಿಕ್ಸಿ ಅಲ್ಲಬೇ ಯವ್ವಾ, ಕಂಪ್ಯೂಟರ್ ಒಳಗ ಕೂಡಸೂ ಕಾರ್ಡ್."

ಅತ್ತೆಗೆ ಗೊತ್ತಿದ್ದ ಕಾರ್ಡುಗಳೆಂದರೆ ರೇಷನ್ ಕಾರ್ಡು, ಆಧಾರ್ ಕಾರ್ಡು. ಎರಡೂ ಅವರ ಸಂಚಿಯೊಳಗೆ ಎಲೆಯಡಿಕೆಯ ಜೊತೆ ಇರುತ್ತಿದ್ದವು. ಈ ಕಾರ್ಡನ್ನು ನಾನು ಡಬ್ಬಿಯಿಂದ ಹೊರಗೆ ತೆಗೆದಾಗ ಅವರು ನಕ್ಕೇ ಬಿಟ್ಟರು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡು ಅಂಗೈಯಗಲ, ಒಂದು ಪುಟ್ಟ ಫ್ಯಾನು. ಇದು ಮೊಣಕೈಯಿಂದ ಬೆರಳಿನ ತುದಿಯವರೆಗೆ ಉದ್ದ, ದಪ್ಪ ಇಟ್ಟಿಗೆಯಂತೆ. ಸಾಲಾಗಿ ಮೂರು ಫ್ಯಾನು. ಕೈಯಲ್ಲಿ ಹಿಡಿದರೆ ರೊಟ್ಟಿಯ ಹಂಚು ಹಿಡಿದಷ್ಟು ಭಾರ.

ದಾಂಡೇಲಿಯಲ್ಲಿ ನನ್ನದು ಮದುವೆ ವಿಡಿಯೋ ಜೋಡಿಸುವ ಕೆಲಸ. ಹಳೆ ದಾಂಡೇಲಿಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಸ್ಟುಡಿಯೋ. ಮದುವೆ ಇಲ್ಲದ ತಿಂಗಳಲ್ಲಿ ಗಣೇಶಗುಡಿಯ ಹೋಮ್‌ಸ್ಟೇಗಳಿಗೆ, ನದಿಯಲ್ಲಿ ರಾಫ್ಟಿಂಗ್ ಮಾಡಿಸುವವರಿಗೆ ಸಣ್ಣ ಸಣ್ಣ ವಿಡಿಯೋ ಮಾಡಿಕೊಡುತ್ತೇನೆ. ಅದಕ್ಕೆಲ್ಲ ಹಳೆಯ ಕಾರ್ಡೇ ಸಾಕಿತ್ತು. ಈ ದೊಡ್ಡದು ಬೇಕಾದದ್ದು ಒಂದು ಕತೆಗಾಗಿ.

ಆ ಕತೆ ನನ್ನ ಗೆಳತಿಯದು. ಅವಳು ಹಳಿಯಾಳದ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಟೀಚರು. ಈ ಕಾಡಿನ ಸೀಮೆಯ ಸಿದ್ದಿ ಸಮುದಾಯದ ಹುಡುಗಿ, ನನಗಿಂತ ಹತ್ತಾರು ವರ್ಷ ಚಿಕ್ಕವಳು. ಶಾಲೆಯ ವಾರ್ಷಿಕೋತ್ಸವದ ವಿಡಿಯೋ ತೆಗೆಯಲು ಹೋದಾಗ ಪರಿಚಯವಾದವಳು. ಊಟದ ಹೊತ್ತಿಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ತನ್ನ ಅಜ್ಜಿ ಹೇಳುತ್ತಿದ್ದ ಒಂದು ಕತೆ ಹೇಳುತ್ತಿದ್ದಳು. ಚಳಿಗೆ ನಡುಗುತ್ತಿದ್ದ ಕಾಡಿಗೆ ಒಬ್ಬ ಮುದುಕಿ ಕೌದಿ ಹೊಲಿಯಲು ಕೂರುತ್ತಾಳೆ. ಬಟ್ಟೆ ಸಾಲುವುದಿಲ್ಲ. ಹುಲಿ ಬಂದು ತನ್ನ ಮೈಯ ಒಂದು ಪಟ್ಟೆ ಕೊಡುತ್ತದೆ, ನವಿಲು ಗರಿಯ ಕಣ್ಣು ಕೊಡುತ್ತದೆ, ಕಾಳಿ ನದಿ ತನ್ನ ಅಂಚಿನ ನೀರನ್ನೇ ಹರಿದು ಕೊಡುತ್ತದೆ. ನಾನು ಕ್ಯಾಮೆರಾ ಹಿಡಿಯುವುದನ್ನು ಮರೆತು ಕತೆ ಕೇಳಿದೆ. ಆಮೇಲೆ, "ಇದನ್ನ ಚಿತ್ರ ಮಾಡೂಣು, ಗೊಂಬಿ ಅಲ್ಲಾಡೂ ಚಿತ್ರ," ಅಂದೆ. ಅವಳು ತಮಾಷೆ ಅಂದುಕೊಂಡಳು. ನಾನು ಮಾತ್ರ ಅಂದಿನಿಂದಲೇ ಕಲಿಯಲು ಶುರುಮಾಡಿದೆ.

ಬಟ್ಟೆಯ ಚಿತ್ರ ಮಾಡುವುದು ಕಂಪ್ಯೂಟರಿಗೆ ಬಲು ಕಷ್ಟದ ಕೆಲಸವೆಂದು ಕಲಿತ ಮೇಲೆ ಗೊತ್ತಾಯಿತು. ಒಂದೊಂದು ನೂಲಿನ ಮೇಲೂ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂದು ಅದು ಲೆಕ್ಕ ಹಾಕಬೇಕು. ಹಳೆಯ ಕಾರ್ಡಿನಲ್ಲಿ ಒಂದೇ ಒಂದು ಚಿತ್ರ ಮೂಡುವಷ್ಟರಲ್ಲಿ ನನ್ನ ಅಡುಗೆ ಮುಗಿದು ಪಾತ್ರೆ ತೊಳೆದಾಗುತ್ತಿತ್ತು. ಅಂಥ ಸಾವಿರಾರು ಚಿತ್ರ ಸೇರಿದರೆ ತಾನೆ ಕತೆ! ಆಗ ಹುಬ್ಬಳ್ಳಿಯ ಕಟ್ಟಡ ನಕ್ಷೆ ಮಾಡುವ ಆಫೀಸಿನವರೊಬ್ಬರು ತಾವು ಬಳಸಿದ ಕಾರ್ಡನ್ನು ಕಡಿಮೆ ಬೆಲೆಗೆ ಕೊಡುತ್ತಾರೆಂದು ತಿಳಿಯಿತು. ಫೋಟೋದಲ್ಲಿ ನೋಡಿ ಒಪ್ಪಿಕೊಂಡಿದ್ದೆ. ಫೋಟೋದಲ್ಲಿ ಗಾತ್ರ ಎಲ್ಲಿ ಗೊತ್ತಾಗುತ್ತದೆ?

ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಅದು ಹಿಡಿಸಲಿಲ್ಲ. ಹಾರ್ಡ್ ಡಿಸ್ಕ್ ಕೂರುವ ತಗಡಿನ ಗೂಡು ಅಡ್ಡ ಬರುತ್ತಿತ್ತು. ಯಜಮಾನರು ಕಾಗದದ ಮಿಲ್ಲಿನಲ್ಲಿ ಫಿಟ್ಟರು. ಕಬ್ಬಿಣ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಗರಗಸ ತಂದು, ಅಂಗಳದಲ್ಲಿ ಆ ಗೂಡನ್ನು ಕತ್ತರಿಸಿ ತೆಗೆದರು. ಕಾರ್ಡು ಕೂತಿತು. ಆದರೆ ತನ್ನ ಭಾರಕ್ಕೆ ತಾನೇ ತಲೆ ಬಾಗಿಸಿತು. ಹೀಗೇ ಬಿಟ್ಟರೆ ಅದು ಸಿಕ್ಕಿಸಿಕೊಂಡಿರುವ ಖಾಂಚೆ, ಆ ಸ್ಲಾಟು, ಮುರಿಯುತ್ತದೆ. ಅತ್ತೆ ತಮ್ಮ ಹೊಲಿಗೆ ಪೆಟ್ಟಿಗೆಯಿಂದ ದಾರ ಮುಗಿದ ಕಟ್ಟಿಗೆಯ ರೀಲೊಂದನ್ನು ತೆಗೆದು ಕೊಟ್ಟರು. ಅದನ್ನು ತುದಿಯ ಕೆಳಗೆ ಊರುಗೋಲಿನಂತೆ ನಿಲ್ಲಿಸಿದೆವು. ಚಾಲೂ ಮಾಡಿದೆ. ಹುಲಿಯ ಪಟ್ಟೆಯ ಮೊದಲ ತುಂಡು ನಾನು ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಮೂಡಿತು. ನೂಲು ನೂಲೂ ಕಾಣುತ್ತಿತ್ತು. ಅತ್ತೆ ಕನ್ನಡಕ ಏರಿಸಿ ಹತ್ತಿರ ಬಂದು, ಪರದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಕಾಟನ್ ಐತಿ," ಅಂದರು. ನನಗೆ ಅಷ್ಟು ಹೊಗಳಿಕೆ ಯಾವ ಮದುವೆಯವರಿಂದಲೂ ಸಿಕ್ಕಿರಲಿಲ್ಲ.

ಗೆಳತಿ ಭಾನುವಾರಗಳಲ್ಲಿ ನಮ್ಮ ಮನೆಗೆ ಬರತೊಡಗಿದಳು. ತನ್ನ ತಾಯಿ ಹೊಲಿದ ಕೌದಿಗಳ ಫೋಟೋ ತರುತ್ತಿದ್ದಳು. ಬಣ್ಣ ಯಾವುದು, ತುಂಡು ಎಷ್ಟಗಲ ಎಂದು ನೋಡಿಕೊಂಡು ನಾವಿಬ್ಬರೂ ಕೂತು ಮಾಡುತ್ತಿದ್ದೆವು. ಕತೆಯ ಮುದುಕಿಗೆ ಅವಳ ಅಜ್ಜಿಯದೇ ಮುಖ, ಮುದುಕಿಯ ಮನೆಗೆ ಅವರ ಮನೆಯದೇ ಬಾಗಿಲು ಕೊಟ್ಟೆವು. ಅತ್ತೆ ಅವಳಿಗೆ ಚಹಾ ಕೊಡುತ್ತಿದ್ದರು, ಟೀಚರನ್ನು ತಮ್ಮ ಕಡೆಯವರು ಕರೆಯುವ ಹಾಗೆ "ಬರ್ರಿ ಅಕ್ಕೋರ, ಕೂಡ್ರಿ," ಅನ್ನುತ್ತಿದ್ದರು. ಅಷ್ಟೇ. ಧಾರವಾಡದ ಬಯಲಿನ ಹಳ್ಳಿಯಿಂದ ಬಂದವರು ಅವರು. ಸಿದ್ದಿಯವರನ್ನು ಬಸ್ಸಿನಲ್ಲಿ, ಸಂತೆಯಲ್ಲಿ ನೋಡಿದ್ದು ಬಿಟ್ಟರೆ ಎದುರು ಕೂತು ಮಾತಾಡಿದ್ದಿಲ್ಲ. ಏನು ಕೇಳಬೇಕು, ಏನು ಕೇಳಬಾರದು ಎಂಬ ಅಳುಕು. ಅವಳು ಹೋದ ಮೇಲೆ, "ಹುಡುಗಿ ಭಾಳ ಶ್ಯಾಣ್ಯಾ ಐತಿ," ಎಂದು ನನ್ನೊಡನೆ ಹೇಳುವರು. ಅವಳ ಎದುರು ಮಾತ್ರ ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ.

ಏಪ್ರಿಲ್ ಬಂತು. ನಮ್ಮ ಮುಂದಿನ ಕೋಣೆಯ ಮೇಲೆ ತಗಡು. ದಾಂಡೇಲಿಯ ಸುತ್ತ ಎಷ್ಟು ಕಾಡಿದ್ದರೇನು, ತಗಡಿನ ಕೆಳಗೆ ಮಧ್ಯಾಹ್ನ ಕೂತವರಿಗೆ ಅದೆಲ್ಲ ನೆನಪಾಗುವುದಿಲ್ಲ. ಕಾರ್ಡಿನ ಮೂರೂ ಫ್ಯಾನು ವಿಮಾನ ಹಾರುವ ಹಾಗೆ ಕೂಗತೊಡಗಿದವು. ಅವು ಉಗುಳಿದ ಬಿಸಿಗಾಳಿ ಕ್ಯಾಬಿನೆಟ್ಟಿನೊಳಗೇ ಸುತ್ತಿ, ಮತ್ತೆ ಅದನ್ನೇ ಅವು ಎಳೆದುಕೊಳ್ಳುತ್ತಿದ್ದವು. ಮಿತಿ ಮೀರಿ ಕಾದಾಗ ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ಇಳಿಸುತ್ತದೆ. ಹಾಗಾಗಿ ಅಷ್ಟು ದೊಡ್ಡ ಕಾರ್ಡು ನಮ್ಮ ಮನೆಯ ಮಧ್ಯಾಹ್ನದಲ್ಲಿ ಹಳೆಯ ಪುಟ್ಟ ಕಾರ್ಡಿನ ಹಾಗೆ ತೆವಳತೊಡಗಿತು. ನಾನು ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಿಡಿದೆ. ಎರಡು ದಿನ ತುಸು ಪರವಾಗಿಲ್ಲ ಅನ್ನಿಸಿತು. ಆಮೇಲೆ ಮೊದಲಿನದೇ ಕತೆ.

ಒಂದು ದಿನ ಕೆಲಸ ನಡೆಯಲು ಬಿಟ್ಟು ಪೇಟೆಗೆ ಹೋಗಿದ್ದೆ. ತಿರುಗಿ ಬಂದಾಗ ಮನೆ ಶಾಂತವಾಗಿತ್ತು. ಫ್ಯಾನಿನ ಸದ್ದಿಲ್ಲ, ಪರದೆ ಕಪ್ಪಾಗಿದೆ. ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಿತ್ತು, ಅದರ ಮೇಲೊಂದು ಒದ್ದೆ ಟವೆಲ್ಲು ನಾಲ್ಕು ಮಡಿಕೆಯಾಗಿ ಚೆಂದವಾಗಿ ಕೂತಿತ್ತು. ಪಕ್ಕದಲ್ಲಿ ಅತ್ತೆ ಬೀಸಣಿಗೆ ಹಿಡಿದು ಕೂತಿದ್ದಾರೆ.

"ಏನಾತ್ರಿ ಅತ್ತಿ?"

"ಪಾಪ, ಭಾಳ ಹೊಯ್ಕೊಳ್ಳಾಕತ್ತಿತ್ತ ಬೇ. ಮೈ ಮುಟ್ಟಿದ್ರ ಜ್ವರ ಬಂದಂಗ ಸುಡತಿತ್ತು. ಹಸಿ ಬಟ್ಟಿ ಹಾಕಿದೆ. ಈಗ ನೋಡು, ಆರಾಮ ಮಲಗೈತಿ."

ಟವೆಲ್ ತೆಗೆದೆ. ಬಿಸಿಗಾಳಿ ಹೊರಹೋಗುವ ಜಾಲರಿಯನ್ನೇ ಅದು ಮುಚ್ಚಿತ್ತು. ತಡೆಯಲಾರದಷ್ಟು ಕಾದು ಕಂಪ್ಯೂಟರ್ ಆಫ್ ಆಗಿತ್ತು. ಒಳಗೆ ನೀರು ಬಿದ್ದಿದ್ದರೆ ಮುಗಿದೇ ಹೋಗಿತ್ತು. ನನ್ನ ಮುಖ ನೋಡಿ ಅತ್ತೆಗೆ ಏನೋ ತಪ್ಪಾಗಿದೆ ಅಂತ ಗೊತ್ತಾಯಿತು. "ಹಿಂಡಿ ಹಿಂಡಿ ಹಾಕೇನಿ ಬೇ, ಒಂದ ಹನಿ ಬಿದ್ದಿಲ್ಲ," ಎಂದರು, ಸಣ್ಣ ದನಿಯಲ್ಲಿ. ಅವರ ಕೈಯ ಬೀಸಣಿಗೆ ನೋಡಿ ನನಗೆ ಸಿಟ್ಟು ಬರುವ ಬದಲು ನಗು ಬಂತು. ನಮ್ಮ ಮನೆಯಲ್ಲಿ ಜ್ವರ ಬಂದವರಿಗೆಲ್ಲ ಅವರು ಮಾಡುವ ಆರೈಕೆ ಅದು. ಮದುವೆಯಾದ ಹೊಸದರಲ್ಲಿ ನನಗೂ ಮಾಡಿದ್ದರು.

ಆದರೂ ಒಳಗೆ ನೋಡಲೇಬೇಕಿತ್ತು. ಮಾರನೆಯ ದಿನ ಭಾನುವಾರ, ಗೆಳತಿಯೂ ಬಂದಿದ್ದಳು. ಕಾರ್ಡನ್ನು ತೆಗೆದು ಹಾಸಿನ ಮೇಲಿಟ್ಟು, ಸಣ್ಣ ಸಣ್ಣ ಸ್ಕ್ರೂ ಬಿಚ್ಚಿ ಫ್ಯಾನುಗಳನ್ನು ಕಳಚಿದೆ. ನೀರಿನ ಗುರುತಿರಲಿಲ್ಲ. ಆದರೆ ಫ್ಯಾನಿನ ಹಿಂದೆ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಂತಿದ್ದ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ಅಂಚಿನಿಂದ ಅಂಚಿಗೆ, ಕಂಬಳಿಯಂಥ ಒಂದು ಪದರ ಕೂತಿತ್ತು. ಚಿಮುಟದಿಂದ ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು. ಕೆಂಪು, ಹಳದಿ, ತಿಳಿನೀಲಿಯ ಎಳೆಗಳು. ಗಾಳಿ ಹೋಗಲು ದಾರಿಯೇ ಇರಲಿಲ್ಲ.

ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಇದು ನನ್ನ ಇಳಕಲ್ ಸೀರೀದು," ಅಂದರು. "ಈ ಹಳದಿ ನಿಮ್ಮ ಮಾವನ ತಲಿ ಪಟಗಾದ್ದು."

ಹಳೆಯ ಬಟ್ಟೆ ಹರಿದು ಕೌದಿ ಹೊಲಿಯುವಾಗ ಹಾರುವ ನೂಲಿನ ಜುಂಗನ್ನೆಲ್ಲ ಈ ಕಾರ್ಡು ದಿನವಿಡೀ ಉಸಿರಾಡಿತ್ತು. ಇಬ್ಬರ ಕೆಲಸವೂ ಒಂದೇ ಕೋಣೆಯಲ್ಲಲ್ಲವೇ! ಗೆಳತಿ ನಗುತ್ತ ಬ್ರಷ್ಷಿನಿಂದ ರೆಕ್ಕೆಗಳನ್ನು ಉಜ್ಜತೊಡಗಿದಳು. ನಾನು ಇನ್ನೂ ಒಳಗೆ ಹೋದೆ. ತಾಮ್ರದ ಕೊಳವೆಗಳಿದ್ದ ಇಡೀ ಭಾರದ ಭಾಗವನ್ನು ಎತ್ತಿ ಪಕ್ಕಕ್ಕಿಟ್ಟಾಗ, ಕೆಳಗೆ ಹಸಿರು ಹಲಗೆಯ ನಡುವೆ ಶೇಂಗಾ ಚಿಕ್ಕಿಯ ತುಂಡಿನಷ್ಟು ಒಂದು ಸಿಲಿಕಾನ್ ಚಿಪ್ಪು ಕೂತಿತ್ತು. ಕೆಲಸ ಮಾಡುವುದೆಲ್ಲ ಅದೇ. ಬೇರೆ ಬೇರೆ ಕಂಪನಿಗಳು ಅದೇ ಚಿಪ್ಪನ್ನು ತಂದು, ತಮ್ಮ ತಮ್ಮ ಕೊಳವೆ, ರೆಕ್ಕೆ, ಫ್ಯಾನು ಹೊದಿಸಿ ಮಾರುತ್ತವೆ. ಕಾರ್ಡು ಇಷ್ಟು ದೊಡ್ಡದಾಗಿರುವುದು ಈ ಚೂರನ್ನು ತಂಪಾಗಿಡಲು.

"ಇಷ್ಟ ಸಣ್ಣದಕ್ಕ ಇಷ್ಟ ದೊಡ್ಡ ಸಂಸಾರ ಏನ!" ಅಂದರು ಅತ್ತೆ.

ಚಿಪ್ಪಿನ ಬಿಸಿಯನ್ನು ಕೊಳವೆಗೆ ದಾಟಿಸುವ ಪೇಸ್ಟು ಒಣಗಿ ಬಿರುಕು ಬಿಟ್ಟಿತ್ತು. ಒರೆಸಿ, ಮೊಬೈಲ್ ರಿಪೇರಿ ಅಂಗಡಿಯಿಂದ ತಂದ ಹೊಸದನ್ನು ಹಚ್ಚಿ, ಎಲ್ಲವನ್ನೂ ಮತ್ತೆ ಕೂಡಿಸಿದೆ. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿದವು, ಪರದೆ ಬೆಳಗಿತು. ಗೆಳತಿ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಎದ್ದು ಹೋಗಿ ತಮ್ಮ ಬಟ್ಟೆಯ ಗಂಟು, ಕತ್ತರಿ, ಅರ್ಧ ಹೊಲಿದ ಕೌದಿ ಎಲ್ಲವನ್ನೂ ಟ್ರಂಕಿಗೆ ತುಂಬಿ ಮುಚ್ಚಳ ಹಾಕಿದರು.

ನಾಲ್ಕೈದು ದಿನ ಅವರು ಸೂಜಿ ಮುಟ್ಟಲಿಲ್ಲ. ಹಿಂದಿನ ಕೋಣೆಯಲ್ಲಿ ಬೆಳಕಿಲ್ಲ, ಅಂಗಳದಲ್ಲಿ ಬಿಸಿಲು. ಸುಮ್ಮನೆ ಗೋಡೆಗೊರಗಿ ಕೂರುವರು. ಹೊಲಿಯಿರಿ ಅಂದರೆ, "ಬ್ಯಾಡ ಬೇ, ನಿನ್ನ ಕೆಲಸ ಆಗಲಿ, ಕೌದಿ ಎಲ್ಲಿ ಓಡಿ ಹೋಗತೈತಿ," ಅನ್ನುವರು. ನನಗೆ ಅದನ್ನು ನೋಡುವುದು ಕಷ್ಟವಾಯಿತು. ಇತ್ತ ಕಾರ್ಡು ಶುಚಿಯಾದರೂ ತಗಡಿನ ಬಿಸಿಗೆ ಮಧ್ಯಾಹ್ನ ಮತ್ತೆ ನಿಧಾನವಾಗುತ್ತಿತ್ತು. ಮುಂದಿನ ಭಾನುವಾರ ಗೆಳತಿಗೆ ಇದನ್ನೆಲ್ಲ ಹೇಳಿದೆ.

"ನಮ್ಮ ಮನಿಗೆ ತಗೊಂಡ ಬರ್ರಿ ಅಕ್ಕಾ," ಅಂದಳು. "ದಪ್ಪ ಮಣ್ಣಿನ ಗೋಡಿ, ಮ್ಯಾಲ ಹಂಚು. ಒಳಗ ಕುಂತ್ರ ಹೊರಗ ಬಿಸಲೈತಿ ಅನ್ನೂದ ಗೊತ್ತಾಗಂಗಿಲ್ಲ. ನನಗೂ ಸಾಲಿ ಸೂಟಿ ಐತಿ. ಕೆಲಸ ಮುಗಿಯೂಮಟ ಅಲ್ಲೇ ಇರ್ರಿ."

ನಾನು ಉತ್ತರ ಕೊಡುವ ಮೊದಲೇ ಗೋಡೆಯ ಕಡೆಯಿಂದ ಅತ್ತೆಯ ದನಿ ಬಂತು. "ಅಕ್ಕೋರ, ನಾನೂ ಬರಲ್ರೇನು?"

ಯಜಮಾನರು ತಮ್ಮ ರಜೆಯ ದಿನ ಲಗೇಜ್ ಆಟೋದಲ್ಲಿ ಕ್ಯಾಬಿನೆಟ್ಟು, ಮಾನಿಟರು ಹೇರಿಕೊಂಡು ಹೋದರು. ಕಾರ್ಡನ್ನು ಮಾತ್ರ ಕಳಚಿ ನಮ್ಮ ಹತ್ತಿರ ಇಟ್ಟುಕೊಂಡೆವು. ಒಳಗಿನ ರಸ್ತೆಯ ತಗ್ಗಿನಲ್ಲಿ ಆಟೋ ಕುಣಿದರೆ ಆ ಭಾರಕ್ಕೆ ಖಾಂಚೆ ಮುರಿಯುವುದು ಖಂಡಿತ. ಅತ್ತೆ ಟ್ರಂಕು ತೆಗೆದು, ಇದ್ದುದರಲ್ಲಿ ಮೆತ್ತಗಿನ ಕೌದಿ ಆರಿಸಿ, ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಕೌದಿಯಲ್ಲಿ ಸುತ್ತಿದರು. ಜುಂಗು ತಾಗಬಾರದೆಂದು ಪ್ಲಾಸ್ಟಿಕ್ಕಿನ ಬಾಯಿಗೆ ದಾರ ಬಿಗಿದು ಕಟ್ಟಿದ್ದರು. ಹಳಿಯಾಳದ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ತಬ್ಬಿ ಕೂತರು.

ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೆಟ್ ಹರಿಯುತ್ತ ಬಂದ. "ಅಜ್ಜೀ, ಕಾರ್ಡ್ ತೋರಸ್ರಿ."

ಅತ್ತೆ ಒಂದು ಕ್ಷಣ ಅವನ ಮುಖ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಕೌದಿಯ ಮಡಿಕೆ ಬಿಚ್ಚತೊಡಗಿದರು. ನಾನು ಕಿಟಕಿಯ ಕಡೆ ತಿರುಗಿದ್ದವಳು ನೋಡುವಷ್ಟರಲ್ಲಿ ಪ್ಲಾಸ್ಟಿಕ್ಕಿನೊಳಗಿನ ಫ್ಯಾನುಗಳು ಕಾಣುತ್ತಿದ್ದವು.

"ಇದೇನ್ರಿ ಅಜ್ಜೀ?"

"ಕಾರ್ಡ್ ಕೇಳಿದೆಲ್ಲೋ ತಮ್ಮಾ."

ಹಿಂದಿನ ಸೀಟಿನವರು ಎದ್ದು ನಿಂತು ನೋಡಿದರು. ವಿಷಯ ತಿಳಿದ ಮೇಲೆ ಇಡೀ ಬಸ್ಸು ನಕ್ಕಿತು, ಅತ್ತೆಯೂ ನಕ್ಕರು. ಸಂಚಿಯಿಂದ ಆಧಾರ್ ಕಾರ್ಡು ತೆಗೆದು ತೋರಿಸುವಾಗ, "ಇದು ಹಗೂರ ಐತಿ ನೋಡು," ಅಂದರು.

ಗೆಳತಿಯ ಮನೆ ಕಾಡಿನಂಚಿನ ಸಣ್ಣ ಕೇರಿಯಲ್ಲಿ. ಒಳಗೆ ಕಾಲಿಟ್ಟರೆ ಸಗಣಿ ಸಾರಿಸಿದ ನೆಲ ಅಂಗಾಲಿಗೆ ತಣ್ಣಗೆ ಹತ್ತಿತು. ಗೋಡೆಯ ಮೇಲೆ ಏಸುವಿನ ಪಟ, ಅದರ ಕೆಳಗೆ ದಾಸವಾಳ. ಅವಳ ತಾಯಿ ನಮ್ಮ ಅತ್ತೆಯಷ್ಟೇ ವಯಸ್ಸಿನವರು. ಮನೆಯಲ್ಲಿ ಕೊಂಕಣಿಯೇ ಹೆಚ್ಚು, ಕನ್ನಡ ಅಷ್ಟಕ್ಕಷ್ಟೆ. ಅತ್ತೆ ಗಂಟು ಬಿಚ್ಚಿ ಕಾರ್ಡನ್ನು ಜೋಪಾನವಾಗಿ ಮಂಚದ ಮೇಲಿಟ್ಟರು. ಆ ತಾಯಿ ಕಾರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಕೌದಿಯನ್ನು ಕೈಗೆತ್ತಿಕೊಂಡು, ಮಗುಚಿ ಹಿಂಬದಿಯ ಹೊಲಿಗೆ ನೋಡಿದರು. ಹೆಬ್ಬೆರಳಿನಿಂದ ಸಾಲನ್ನು ಸವರಿದರು. ಮಗಳಿಗೆ ಏನೋ ಹೇಳಿದರು.

"ಏನಂತಾರ?" ಅತ್ತೆ ಆತಂಕದಿಂದ ಕೇಳಿದರು.

"ಹೊಲಿಗಿ ಭಾಳ ಸಣ್ಣ ಐತಿ, ಕಣ್ಣು ಇನ್ನೂ ಚಲೋ ಅದಾವ ಅಂತಾರ್ರಿ."

ಅತ್ತೆಯ ಮುಖ ಅರಳಿತು. ಆ ತಾಯಿ ಒಳಗಿನಿಂದ ತಮ್ಮದೊಂದು ಕೌದಿ ತಂದು ಹಾಸಿದರು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಹೂವು. ಹೊಲಿಗೆ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಅತ್ತೆಯದು ಈ ತುದಿಯಿಂದ ಆ ತುದಿಗೆ ನೇರ ಸಾಲು. ಮಾರನೆಯ ದಿನದಿಂದ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಮಾವಿನ ನೆರಳಿನಲ್ಲಿ ಎದುರು ಬದುರು ಕೂತರು. ಒಬ್ಬರು ಕನ್ನಡ, ಒಬ್ಬರು ಕೊಂಕಣಿ. ಮೊದಲು ನಾವು ನಡುವೆ ನಿಂತು ಹೇಳಬೇಕಾಗಿತ್ತು. ಆಮೇಲೆ ನಮ್ಮನ್ನು ಕರೆಯುವುದನ್ನೇ ಬಿಟ್ಟರು. ಬಟ್ಟೆಯ ಜುಂಗು ಅಂಗಳದ ಕೋಳಿಗಳ ಮೇಲೆ ಹಾರಿ ಹೋಗುತ್ತಿತ್ತು.

ಒಳಗೆ ಹಿಂಬದಿಯ ಕೋಣೆಯಲ್ಲಿ ಕಾರ್ಡು ಕೆಲಸಕ್ಕೆ ಕೂತಿತು. ಹಳ್ಳಿಯ ಕರೆಂಟಿಗೆ ಹೆದರಿ ನಾನು ಅದು ಎಳೆದುಕೊಳ್ಳುವ ವಿದ್ಯುತ್ತಿಗೆ ಮಿತಿ ಹಾಕಿದ್ದೆ. ಹಾಗೆ ಮಾಡಿದ್ದರಿಂದ ಮತ್ತೊಂದು ಲಾಭವಾಯಿತು. ವೇಗ ಕೊಂಚವೇ ಇಳಿಯಿತು, ಬಿಸಿ ಬಹಳ ಇಳಿಯಿತು. ಮಣ್ಣಿನ ಗೋಡೆಯ ತಂಪಿಗೆ ಅದೂ ಸೇರಿ, ಫ್ಯಾನುಗಳ ಕೂಗು ಪಿಸುಮಾತಿನಷ್ಟಾಯಿತು. ಮಧ್ಯಾಹ್ನದ ಹೊತ್ತಿಗೆ ಕಾರ್ಡು ಒಮ್ಮೆಯೂ ಸುಸ್ತಾಗಲಿಲ್ಲ. ಕರೆಂಟು ಹೋದಾಗ ನಿಲ್ಲಿಸುತ್ತಿದ್ದೆವು, ಬಂದಾಗ ಬಿಟ್ಟಲ್ಲಿಂದ ಶುರು. ಕರೆಂಟಿಲ್ಲದ ಹೊತ್ತಿನಲ್ಲಿ ಗೆಳತಿ ಕತೆಯನ್ನು ತನ್ನ ದನಿಯಲ್ಲಿ ಹೇಳಿದಳು, ನಾನು ಮೊಬೈಲಿನಲ್ಲಿ ಹಿಡಿದೆ. ಫ್ಯಾನಿನ ಸದ್ದಿಲ್ಲದ ಆ ಮೌನದಲ್ಲಿ ದೂರದ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸಪ್ಪಳವೂ ದನಿಯ ಜೊತೆ ಸೇರಿಕೊಂಡಿತು. ಅದನ್ನು ತೆಗೆಯದೆ ಹಾಗೇ ಇಟ್ಟೆವು.

ಮೊದಲ ಮಳೆಗೆ ಮುಂಚೆ ಚಿತ್ರ ಮುಗಿಯಿತು. ಒಂದು ಸಂಜೆ ಅವರ ಮನೆಯ ಹೊರಗೋಡೆಗೆ ಬಿಳಿ ಪಂಚೆ ಕಟ್ಟಿ, ಶಾಲೆಯಿಂದ ತಂದ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಕೇರಿಯವರೆಲ್ಲ ಬಂದಿದ್ದರು. ಯಜಮಾನರೂ ಡ್ಯೂಟಿ ಮುಗಿಸಿ ಬೈಕಿನಲ್ಲಿ ಬಂದರು. ಹುಲಿ ತನ್ನ ಪಟ್ಟೆ ಬಿಚ್ಚಿ ಕೊಟ್ಟಾಗ ಮಕ್ಕಳು ಕೂಗಿದರು. ನದಿಯ ನೀಲಿ ಬಟ್ಟೆ ಅಲೆಅಲೆಯಾಗಿ ಮುದುಕಿಯ ತೊಡೆಯ ಮೇಲೆ ಬಂದು ಬಿದ್ದಾಗ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಕೊನೆಗೆ ಇಡೀ ಕಾಡು ಕೌದಿ ಹೊದ್ದು ಮಲಗಿತು. ಜನ ಚಪ್ಪಾಳೆ ತಟ್ಟಿದರು, ಯಾರೋ ಡಮಾಮಿ ಡೋಲು ಬಾರಿಸಿದರು. ಗೆಳತಿಯ ತಾಯಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಗೆಳತಿ ಹತ್ತಿರ ಹೋಗಿ ಕೇಳಿದಳು. ಅವರು ಕೊಂಕಣಿಯಲ್ಲಿ ಏನೋ ಹೇಳಿದರು. ಗೆಳತಿ ನನ್ನ ಕಡೆ ತಿರುಗಿದಳು. ಅಳಬೇಕೋ ನಗಬೇಕೋ ತಿಳಿಯದ ಮುಖ.

"ಎಲ್ಲಾ ಚಲೋ ಆಗೈತಂತ. ಆದರ ನಮ್ಮ ಅಜ್ಜಿ ಸೂಜಿ ಹಿಡಿತಿದ್ದದ್ದು ಎಡಗೈಲೆ ಅಂತ, ಅಕ್ಕಾ."

ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿದರೆ ಆದೀತು ಎಂದು ನಾನು ಅಂದೆ. ಅದನ್ನೂ ತಾಯಿಗೆ ಹೇಳಿದಳು. ಅವರು ಬೇಡವೆಂದು ತಲೆಯಲ್ಲಾಡಿಸಿದರು. ಹಾಗೆ ಮಾಡಿದರೆ ಮನೆಯ ಬಾಗಿಲು ತಪ್ಪು ಬದಿಗೆ ಹೋಗುತ್ತದಂತೆ. ನಮ್ಮ ಅತ್ತೆಯೂ ಅವರ ಪಕ್ಷ ಸೇರಿಕೊಂಡು, "ಹೌದಲ್ಲಾ, ಬಾಗಲಾ ಅಲ್ಲಿ ಹೆಂಗ ಬರತೈತಿ? ಮತ್ತ ಮಾಡ್ರಿ," ಅಂದರು.

ಮತ್ತೆ ಮಾಡಿದೆವು. ಮುದುಕಿ ಸೂಜಿ ಹಿಡಿಯುವ ಪ್ರತಿ ದೃಶ್ಯದಲ್ಲೂ ಗೆಳತಿ ತನ್ನ ಎಡಗೈಯಿಂದ ಹೊಲಿದು ತೋರಿಸಿದಳು, ನಾನು ಬೆರಳು ಬೆರಳನ್ನೂ ತಿದ್ದಿದೆ. ಹೊರಗೆ ಮಳೆ ಹಿಡಿದಿತ್ತು. ಕಾರ್ಡು ತಂಪಾಗಿ, ಸದ್ದಿಲ್ಲದೆ, ಒಂದೊಂದೇ ಚಿತ್ರ ಇಳಿಸುತ್ತಿತ್ತು. ಮುಗಿದ ದಿನ ಆ ತಾಯಿಯನ್ನು ಒಳಗೆ ಕರೆದು, ಮಾನಿಟರಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿ ತೋರಿಸಿದೆವು. ಮುದುಕಿಯ ಎಡಗೈ ಸೂಜಿಯನ್ನು ಮೇಲೆತ್ತಿದಾಗ ಅವರು ಮುಂದಕ್ಕೆ ಬಾಗಿದರು. ಚಿತ್ರ ಮುಗಿಯಿತು. ಅವರು ನನ್ನ ಕಡೆ ತಿರುಗಿ, ಬೆರಳನ್ನು ಗಾಳಿಯಲ್ಲಿ ಸುತ್ತಿ ಸನ್ನೆ ಮಾಡಿದರು, ಇನ್ನೊಮ್ಮೆ ಹಾಕು ಎಂದು.